ಯಂತ್ರ ಶುಚಿ

ಆಡಿಟರ್‌ಗೆ ಒಂದು ಅಭ್ಯಾಸವಿತ್ತು. ಲೆಕ್ಕದಲ್ಲಿ ತಿದ್ದಿದ ಪ್ರತಿಯೊಂದು ಸಾಲನ್ನೂ ಅವರು ಗಟ್ಟಿಯಾಗಿ ಓದುತ್ತಿದ್ದರು. ತಾರೀಖು, ಅಂಗಡಿ, ಮೊತ್ತ, ಮೊದಲು ಯಾವ ಖಾತೆಯಲ್ಲಿತ್ತು, ಈಗ ಎಲ್ಲಿಗೆ ಹೋಯಿತು, ಯಾಕೆ ಹೋಯಿತು. ಓದಿ ಮುಗಿಸಿ ಕನ್ನಡಕದ ಮೇಲಿನಿಂದ ನೋಡುವರು. ಯಜಮಾನರು "ಹೌದು" ಅನ್ನಬೇಕು. ಅಂದ ಮೇಲೆ ಪೆನ್ಸಿಲ್ಲಿನಲ್ಲಿ ಒಂದು ಗೆರೆ. ಹಿಂದೆ ಯಾವನೋ ವ್ಯಾಪಾರಿ, ಸಿಕ್ಕಿಬಿದ್ದ ಮೇಲೆ, "ನನಗೇನು ಗೊತ್ತು, ಬರೆದವರು ಇವರು" ಎಂದು ಅವರ ಕಡೆಗೇ ಬೆರಳು ತೋರಿಸಿದ್ದನಂತೆ. ಅವತ್ತಿನಿಂದ ಈ ಪದ್ಧತಿ.

ಆ ಸಲ ಅವರು ಅಚ್ಚಿನ ಪ್ರೆಸ್ಸಿಗೆ ಬಂದವರೇ ಓದಲಿಲ್ಲ. ಲ್ಯಾಪ್‌ಟಾಪನ್ನು ಯಜಮಾನರ ಕಡೆಗೆ, ಹಿರಿಸೊಸೆಯ ಮಾವನ ಕಡೆಗೆ, ತಿರುಗಿಸಿದರು.

"ಯಂತ್ರ ಶುಚಿ ಅಂತ ಒಂದು ಖಾತೆ ಇದೆ. ಹೋದ ವರ್ಷ ಒಂಬತ್ತು ಸಾವಿರ. ಈ ವರ್ಷ ಎರಡು ಲಕ್ಷ ಇಪ್ಪತ್ತಾರು ಸಾವಿರ. ಮೆಷಿನ್ನಿಗೆ ಹಾಲಲ್ಲಿ ಸ್ನಾನ ಮಾಡಿಸಿದ್ರಾ?"

ಮೈದುನ ನಕ್ಕ. ಬೇರೆ ಯಾರೂ ನಗಲಿಲ್ಲ.

"ಒರೆಸೋ ಬಟ್ಟೆ ತೊಂಬತ್ತೇಳು ಸಾವಿರ. ವಿದ್ಯುತ್ ರಿಪೇರಿ ಎರಡು ಲಕ್ಷ ಅರವತ್ತನಾಲ್ಕು. ನಾನು ಬರೋವಾಗ ನೋಡಿದೆ, ಕೆಳಗೆ ಎರಡು ಟ್ಯೂಬ್‌ಲೈಟು ಈಗಲೂ ಮಿಣುಕ್ತಿವೆ."

ಹಿರಿಸೊಸೆಗೆ ಎಲ್ಲಿ ತಪ್ಪಿದೆ ಎಂದು ಕೂಡಲೇ ಹೊಳೆಯಿತು. ಎರಡು ವರ್ಷದ ಹಿಂದೆ ಆ ಸಾಫ್ಟ್‌ವೇರನ್ನು ತಂದು ಕೂರಿಸಿದವನು ಅವಳ ಗಂಡ. ಒಂದು ಭಾನುವಾರ ಪೂರ್ತಿ ಕೂತು ಒಂದೊಂದು ಅಂಗಡಿಗೂ ಒಂದೊಂದು ಖಾತೆ ಕಟ್ಟಿದ್ದ. ಔಷಧಿ ಅಂಗಡಿಯಿಂದ ಪ್ರೆಸ್ಸಿಗೆ ಬರುತ್ತಿದ್ದುದು ಉರುಳೆ ತೊಳೆಯುವ ಸ್ಪಿರಿಟ್ ಒಂದೇ. ಹಾಗಾಗಿ ಔಷಧಿ ಅಂಗಡಿ ಅಂದರೆ ಯಂತ್ರ ಶುಚಿ. ಬಟ್ಟೆ ಅಂಗಡಿಯಿಂದ ಬರುತ್ತಿದ್ದುದು ಮಸಿ ಒರೆಸುವ ತುಂಡುಬಟ್ಟೆಯ ಮೂಟೆ. ಎಲೆಕ್ಟ್ರಿಕ್ ಅಂಗಡಿಯಿಂದ ವೈರು, ಬಲ್ಬು. ಬಿಲ್ಲಿನ ಫೋಟೋ ಹೊಡೆದು "ಸರಿ" ಒತ್ತಿದರೆ ಸಾಕು, ಅದು ತಾನೇ ಹೋಗಿ ತನ್ನ ಜಾಗದಲ್ಲಿ ಕೂರುತ್ತಿತ್ತು. "ಇನ್ನು ನಾನಿಲ್ಲದಿದ್ರೂ ನಡೀತದೆ ನೋಡು," ಎಂದಿದ್ದ. ಊರಿಗೆ ಹೋದಾಗ ಎಂಬ ಅರ್ಥದಲ್ಲಿ ಅಂದಿದ್ದು.

ನಂತರ ಅವನು ಹಾಸಿಗೆ ಹಿಡಿದ. ಬಿಲ್ಲು ಮೈದುನನ ಕೈಗೆ ಬಂತು. ಮನೆಗೆ ಏನು ಕೊಂಡರೂ ಪ್ರೆಸ್ಸಿನ ಕಾರ್ಡು ಉಜ್ಜಿ, ಫೋಟೋ ಹೊಡೆದು, "ಸರಿ" ಒತ್ತುತ್ತ ಬಂದ. ಒಂದು ಸಾಲನ್ನೂ ಓದಲಿಲ್ಲ. ಗಂಡನ ಎಂಟು ತಿಂಗಳ ಔಷಧಿ, ಒಂದು ಮಾತ್ರೆ ಬಿಡದೆ, ಯಂತ್ರ ಶುಚಿಯಲ್ಲಿ ಹೋಗಿ ಬಿದ್ದಿತ್ತು.

"ಒಂದು ತಿಂಗಳು ಟೈಮು," ಆಡಿಟರ್ ಅಂದರು. "ಪ್ರೆಸ್ಸಿಂದು ಪ್ರೆಸ್ಸಿಗೆ, ಮನೇದು ಯಾರದೋ ಅವರ ಸ್ವಂತ ಖರ್ಚಿಗೆ. ಇಬ್ಬರು ಮಕ್ಕಳಿಗೂ ಅರ್ಧರ್ಧ ಪಾಲು ಅಂತ ಪತ್ರ ಇದೆ. ಹೊಸ ಮೆಷಿನ್ನಿಗೆ ಬ್ಯಾಂಕು ಸಾಲ ಕೊಡಬೇಕಾದ್ರೆ ತೀರಿಹೋದವರ ಪಾಲು ಇತ್ಯರ್ಥ ಆಗಬೇಕು. ಅವರ ಅರ್ಧದಲ್ಲಿ ಅವರ ಸ್ವಂತ ಖರ್ಚು ಕಳೆದು ಉಳಿದದ್ದು ಈ ತಾಯಿಗೆ. ಇವರು ರುಜು ಹಾಕಿದ್ರೆ ಮುಗೀತು."

ಹೋಗುವಾಗ ಬಾಗಿಲಲ್ಲಿ ನಿಂತು, "ಯಾರು ತಿದ್ದುತ್ತೀರಿ?" ಎಂದರು.

"ಇವಳೇ. ಓದಿದವಳು," ಎಂದರು ಮಾವ. ಆ ಮನೆಯಲ್ಲಿ ಅವಳ ಓದಿಗೆ ಕೆಲಸ ಸಿಕ್ಕಿದ್ದು ಅವತ್ತೇ ಮೊದಲು.

*

ಪ್ರೆಸ್ಸು ಕೆಳಗೆ, ಮನೆ ಮೇಲೆ. ಮೆಷಿನ್ ಓಡುವಾಗ ಊಟದ ಮೇಜಿನ ಮೇಲಿನ ಲೋಟಗಳು ಒಂದಕ್ಕೊಂದು ತಾಕಿ ಸಣ್ಣಗೆ ಸದ್ದು ಮಾಡುತ್ತಿದ್ದವು.

ಮಾವ ಬೇಯಿಸಿದ ಮೊಟ್ಟೆಯ ಸಿಪ್ಪೆ ಬಿಡಿಸುತ್ತ ಹೇಳಿದರು, "ಔಷಧಿ ತಗೊಂಡಿದ್ದು ಯಾರು? ಅವನು. ಅವನ ಖಾತೆಗೆ ಹಾಕು. ಅದರಲ್ಲಿ ಯೋಚನೆ ಮಾಡೋದೇನಿದೆ?"

"ಎಲೆಕ್ಟ್ರಿಕ್ ಅಂಗಡಿದು, ಬಟ್ಟೆ ಅಂಗಡಿದು?"

"ಅವು ಇದ್ದಲ್ಲಿ ಇರಲಿ. ಒಂದೇ ಕಟ್ಟಡ. ಮೇಲೆ ರಿಪೇರಿ ಆದ್ರೂ ರಿಪೇರಿನೇ, ಕೆಳಗೆ ಆದ್ರೂ ರಿಪೇರಿನೇ."

"ಹಾಗಂದ್ರೆ ಔಷಧಿನೂ ಇದೇ ಕಟ್ಟಡದಲ್ಲೇ ಖರ್ಚಾಗಿದ್ದು, ಮಾವ."

"ಮಾತಿಗೆ ಮಾತು ಬೆಳೆಸಬೇಡ," ಎಂದರು ಅತ್ತೆ. "ಅನ್ನ ಆರ್ತಿದೆ."

ಮೈದುನ ಬಾಯಿ ತುಂಬ ತುಂಬಿಕೊಂಡೇ ಮಾತಾಡಿದ. "ಅತ್ತಿಗೆ, ತಪ್ಪು ತಿಳ್ಕೋಬೇಡಿ. ಅಣ್ಣನ ತಲೆ ಮೇಲೆ ಇನ್ನು ಎಷ್ಟು ಹಾಕಿದ್ರೂ ಅವನಿಗೆ ಭಾರ ಆಗಲ್ಲ. ನನ್ನ ತಲೆ ಮೇಲೆ ಹಾಕಿದ್ರೆ ನಾನು ಹೊರಬೇಕು. ಬದುಕಿರೋರನ್ನ ನೋಡ್ಬೇಕಲ್ವಾ?"

ಅವನ ಮೀಸೆಯ ತುದಿಯಲ್ಲಿ ಮೊಟ್ಟೆಯ ಹಳದಿ ಹತ್ತಿತ್ತು. ಮಾತಾಡುವಾಗ ಅದು ಮೇಲೆ ಕೆಳಗೆ ಆಡುತ್ತಿತ್ತು. ಹಿರಿಸೊಸೆ ತನ್ನ ತಟ್ಟೆಯ ಮೊಟ್ಟೆಯನ್ನು ಬದಿಗೆ ಸರಿಸಿದಳು. ಅತ್ತೆ ಅದನ್ನು ನೋಡಿ, ಏನೂ ಅನ್ನದೆ, ಎತ್ತಿ ಮೈದುನನ ತಟ್ಟೆಗೆ ಹಾಕಿದರು.

ಅವಳಿಗೆ ಬೇಕಾಗಿದ್ದುದು ದೊಡ್ಡದೇನಲ್ಲ. ಪಠ್ಯಪುಸ್ತಕ ಅಚ್ಚು ಹಾಕಿಸುವ ಒಬ್ಬರು ಕರಡು ತಿದ್ದುವ ಕೆಲಸ ಕೊಡುತ್ತೇನೆ ಅಂದಿದ್ದರು. ಮೂರು ಬೀದಿ ಆಚೆ ಎರಡು ಕೋಣೆಯ ಒಂದು ಮನೆ ಖಾಲಿಯಿತ್ತು. ಮುಂಗಡ ಕೊಟ್ಟು ಬೀಗದ ಕೈ ತೆಗೆದುಕೊಂಡರೆ ಈ ಮೇಜಿನಲ್ಲಿ ಮತ್ತೆ ಕೂರಬೇಕಾಗಿರಲಿಲ್ಲ. ಅದಕ್ಕೆ ಗಂಡನ ಅರ್ಧ ಬೇಕಿತ್ತು. ಅವರು ಹೇಳಿದಂತೆ ಬರೆದರೆ ಆ ಅರ್ಧದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಔಷಧಿಗೆ ಹೋಗುತ್ತಿತ್ತು. ಮೈದುನನ ಅರ್ಧ ಒಂದು ಕಾಸೂ ಕರಗದೆ ಉಳಿಯುತ್ತಿತ್ತು.

*

ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಅವಳು ಕೆಳಗಿಳಿದು ಕಾಗದದ ಬಂಡಲುಗಳ ನಡುವೆ ಕೂರುತ್ತಿದ್ದಳು. ಅಲ್ಲಿ ಮೂವತ್ತು ವರ್ಷದಿಂದ ಮೆಷಿನ್ ಓಡಿಸುತ್ತಿದ್ದವನನ್ನು ಎಲ್ಲರೂ ಮಸಿಯಣ್ಣ ಎನ್ನುತ್ತಿದ್ದರು. ಉಗುರುಗಳ ಸುತ್ತ ಮಸಿ ಯಾವ ಸಾಬೂನಿಗೂ ಬಗ್ಗದೆ ಮನೆ ಮಾಡಿಕೊಂಡಿತ್ತು.

"ಮಸಿಯಣ್ಣ, ಸ್ಪಿರಿಟು ತಿಂಗಳಿಗೆ ಎಷ್ಟು ಬೇಕು?"

"ಒಂದು ಕ್ಯಾನು. ತುಂಡುಬಟ್ಟೆ ಒಂದು ಮೂಟೆ. ಅದಕ್ಕಿಂತ ಜಾಸ್ತಿ ಬರೆದಿದ್ರೆ ಒಂದನ್ನ ನಾನು ಕುಡಿದಿರಬೇಕು, ಇನ್ನೊಂದನ್ನ ಹೊದ್ದಿರಬೇಕು."

ಅವಳು ಬಿಲ್ಲುಗಳ ಫೋಟೋ ಒಂದೊಂದಾಗಿ ತೆರೆದಳು. ಒರೆಸುವ ಬಟ್ಟೆಯಲ್ಲಿ ಆರು ಪರದೆ ಇದ್ದವು, ಎರಡು ಜೊತೆ ಹಾಸಿಗೆಯ ಹೊದಿಕೆ, ಮೈದುನನ ಮೂರು ಕೋಟು. ವಿದ್ಯುತ್ ರಿಪೇರಿಯಲ್ಲಿ ಗೋಡೆಯಗಲದ ಟೀವಿ, ಬಟ್ಟೆ ಒಗೆಯುವ ಮೆಷಿನ್, ಏಸಿ. ಒಂದು ಬಿಲ್ಲಿನ ಮೇಲೆ ಟೀ ಲೋಟದ ಗುಂಡಗಿನ ಕಲೆ. ಇನ್ನೊಂದರ ಅಂಚಿನಲ್ಲಿ ಹೆಬ್ಬೆರಳೇ ಬಿದ್ದಿತ್ತು, ಉಗುರಿನ ಕೆಳಗೆ ಕೊಳೆ ಕಾಣುವಷ್ಟು ಸ್ಪಷ್ಟವಾಗಿ. ಅವಳು ಆ ಫೋಟೋವನ್ನು ಬೆರಳಿನಿಂದ ತಳ್ಳಿ ಮುಂದಿನದಕ್ಕೆ ಹೋದಳು.

ಮಸಿಯಣ್ಣ ಹಿಂದಿನಿಂದ ಬಗ್ಗಿ ನೋಡಿದ.

"ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರೆಸ್ತಂತೆ," ಎಂದ. "ಆ ಕಥೆಲಿ ಮೇಕೆ ಪಾಪ ಬದುಕಿತ್ತು."

ಅವತ್ತೇ ಅವಳು ಒಂದು ನಿಶ್ಚಯಕ್ಕೆ ಬಂದಳು. ಔಷಧಿಗೆ ಯಾವ ನಿಯಮವೋ ಪರದೆಗೂ ಅದೇ. ಗಂಡನದು ಗಂಡನಿಗೆ, ಮೈದುನನದು ಮೈದುನನಿಗೆ. ಪ್ರತಿ ಸಾಲಿನ ಮುಂದೆ ಕಾರಣ ಬರೆಯಲು ಒಂದು ಜಾಗವಿತ್ತು. ಅಲ್ಲಿ ಬಿಲ್ಲಿನಲ್ಲಿ ಏನಿದೆಯೋ ಅಷ್ಟನ್ನೇ ಬರೆಯುತ್ತ ಹೋದಳು, ಒಂದು ಪದ ಹೆಚ್ಚಿಲ್ಲ.

ಸುದ್ದಿ ಮೇಲಕ್ಕೆ ಹೋಗಲು ಎರಡು ದಿನವೂ ಬೇಕಾಗಲಿಲ್ಲ. ಕಿರಿಸೊಸೆ ಬಟ್ಟೆ ಒಣಹಾಕುವಲ್ಲಿ ಬಂದು ನಿಂತಳು.

"ಅಕ್ಕ, ನನ್ನ ರೂಮಿನ ಪರದೆನೂ ಲೆಕ್ಕಕ್ಕೆ ತಂದ್ರಂತೆ?"

"ಲೆಕ್ಕದಲ್ಲೇ ಇತ್ತು. ಜಾಗ ಬದಲಾಯಿಸಿದೆ."

"ಒಂದು ಪರದೆ ನೋಡಿ ಇಷ್ಟು ಹೊಟ್ಟೆ ಉರೀತಾ ನಿಮಗೆ?"

"ಆರು. ಮೆಷಿನ್ ಒರೆಸೋ ಬಟ್ಟೆ ಅಂತ ಇದೆ. ಬೇಕಾದ್ರೆ ಬಿಚ್ಚಿ ಮಸಿಯಣ್ಣನಿಗೆ ಕೊಡು, ಇದ್ದಲ್ಲೇ ಬಿಡ್ತೀನಿ."

ಕಿರಿಸೊಸೆ ಒದ್ದೆ ಹೊದಿಕೆಯನ್ನು ಬಕೆಟ್ಟಿಗೆ ಎಸೆದು ಹೋದಳು. ಅವತ್ತಿನಿಂದ ಇಬ್ಬರ ನಡುವಿನ ಮಾತು ಪಾತ್ರೆಗಳ ಮೂಲಕ ನಡೆಯಿತು.

ಅತ್ತೆಯೂ ಕರೆದು ಹೇಳಿದರು. ತರಕಾರಿ ಹೆಚ್ಚುತ್ತಿದ್ದರು, ತಲೆ ಎತ್ತಲಿಲ್ಲ.

"ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಇರಬೇಕು ಇಂಥದ್ದೆಲ್ಲ. ನೀನು ಬೆಣ್ಣೆನೇ ಕಲಕ್ತಿದ್ದೀಯ. ಇವನೊಬ್ಬನೇ ಉಳಿದಿರೋದು ನನಗೆ."

"ಗೊತ್ತು ಅತ್ತೆ."

"ಗೊತ್ತಿದ್ದೂ ಮಾಡ್ತೀಯ."

"ಅವರ ಔಷಧಿ ಅವರ ಮೇಲೆ ಹಾಕು ಅಂತ ನೀವೂ ಅಂದ್ರಿ. ಹಾಕಿದ್ದೀನಿ. ಅದರ ಪಕ್ಕದ್ದನ್ನೂ ಹಾಕಿದೆ."

ಅತ್ತೆ ಹೆಚ್ಚಿದ್ದನ್ನು ನೀರಿಗೆ ಸುರಿದರು. ಅವರು ಕೆಟ್ಟವರಲ್ಲ. ಹಾಲಿಗೆ ನೀರು ಬೆರೆಸಿ ಸೊಸೆಗೆ ಕೊಡುವರು, ನಿಜ. ಆದರೆ ಮಗನ ಕೊನೆಯ ದಿನಗಳಲ್ಲಿ ಅವನ ಕಾಲ ಬಳಿ ಕೂತು ಒದ್ದೆ ಬಟ್ಟೆ ಬದಲಾಯಿಸಿದವರು ಅವರೇ. ನೋವು ಏರಿದಾಗ ಅವನು ಮಂಚದ ಕಬ್ಬಿಣವನ್ನು ಕಚ್ಚುತ್ತಿದ್ದ. ಅತ್ತೆ ಅಲ್ಲಿಗೆ ಒಂದು ಟವೆಲ್ ಸುತ್ತಿದ್ದರು.

*

ಮೂರನೆಯ ವಾರದಲ್ಲಿ ಅವಳು ಔಷಧಿ ಅಂಗಡಿಯ ಸಾಲುಗಳನ್ನು ಮೊತ್ತದ ಮೇಲೆ ಜೋಡಿಸಿದಳು. ಚಿಕ್ಕದು ಮೇಲೆ, ದೊಡ್ಡದು ಕೆಳಗೆ. ಎಲ್ಲಕ್ಕಿಂತ ಮೇಲೆ, ನಲವತ್ತು ರೂಪಾಯಿಯ ಹತ್ತಿಗಿಂತಲೂ ಮೇಲೆ, ಒಂದು ದೊಡ್ಡ ಮೊತ್ತ ಬಂದು ಕೂತಿತು. ಎಂಬತ್ತಾರು ಸಾವಿರದ ಎಂಟುನೂರು. ಅದರ ಎಡಕ್ಕೆ ಒಂದು ಸಣ್ಣ ಅಡ್ಡಗೆರೆ. ಕಳೆಯುವ ಗುರುತು.

ಹಣ ಅಂಗಡಿಗೆ ಹೋಗಿರಲಿಲ್ಲ, ಅಂಗಡಿಯಿಂದ ಪ್ರೆಸ್ಸಿನ ಕಾರ್ಡಿಗೆ ಬಂದಿತ್ತು.

ಅವಳು ಮನಸ್ಸಿನಲ್ಲೇ ಭಾಗಿಸಿದಳು. ಹನ್ನೆರಡು ಸಾವಿರದ ನಾನೂರು, ಏಳು ಸಲ. ಆ ಬೆಲೆ ಅವಳಿಗೆ ಬಾಯಿಪಾಠ. ನೋವಿನ ಇಂಜೆಕ್ಷನ್ನು. ಹತ್ತಕ್ಕೆ ಮುಂಗಡ ಕಟ್ಟಿದ್ದರು. ಮನೆಯ ಫ್ರಿಜ್ಜು ನಂಬುವಂಥದ್ದಲ್ಲ, ಹಾಗಾಗಿ ಅಂಗಡಿಯವನೇ ತನ್ನಲ್ಲಿ ಇಟ್ಟುಕೊಂಡು ಒಂದೊಂದೇ ಕೊಡುತ್ತಿದ್ದ. ಒಂದು ಚುಚ್ಚಿದರೆ ಮೂರು ದಿನ ನಿದ್ದೆ. ಮೂರು ಬಂದವು. ನಾಲ್ಕನೆಯದನ್ನು ತರಲು ಹೋದ ಮೈದುನ ಬರಿಗೈಯಲ್ಲಿ ಬಂದ. "ಕಂಪನಿಯಿಂದಲೇ ಬರ್ತಿಲ್ವಂತೆ ಅತ್ತಿಗೆ. ಬಂದ ಕೂಡಲೇ ಫೋನ್ ಮಾಡ್ತಾರಂತೆ."

ಗಂಡ ದಿನಾ ಕೇಳುತ್ತಿದ್ದ. "ಬಂತಾ?" ಅಷ್ಟೇ. ಅದಕ್ಕಿಂತ ಉದ್ದದ ಮಾತಿಗೆ ಅವನಲ್ಲಿ ಉಸಿರಿರಲಿಲ್ಲ.

ಸಾಲಿನ ತಾರೀಖು ಹನ್ನೊಂದು. ಅವನು ಹೋದದ್ದು ಅದೇ ತಿಂಗಳ ಇಪ್ಪತ್ತೆಂಟಕ್ಕೆ.

ಅವಳು ಲ್ಯಾಪ್‌ಟಾಪ್ ಮುಚ್ಚಿ ಚಪ್ಪಲಿ ಮೆಟ್ಟಿಕೊಂಡು ಔಷಧಿ ಅಂಗಡಿಗೆ ಹೋದಳು. ಅಂಗಡಿಯವರು ವಯಸ್ಸಾದ ಮನುಷ್ಯ. ಅವಳನ್ನು ನೋಡಿ ಬೇರೆಯವರನ್ನು ಬಿಟ್ಟು ಬಂದರು.

"ವಾಪಸ್ ಮಾಡಿದ ಇಂಜೆಕ್ಷನ್‌ಗಳ ರಸೀದಿ ಬೇಕಿತ್ತು. ಆಡಿಟ್ ಇದೆ."

"ಹುಡುಕಿಕೊಡ್ತೀನಿ ಕೂತ್ಕೊಳ್ಳಮ್ಮ. ಅವತ್ತು ನಿಮ್ಮ ಮೈದುನಾನೇ ಬಂದಿದ್ರು. ಅಣ್ಣ ಹೋಗಿಬಿಟ್ಟ, ಇನ್ನು ಯಾರಿಗೆ ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ್ರು. ವಾಪಸ್ ತಗೊಂಡ್ರೆ ನಾವು ನೂರಕ್ಕೆ ಹತ್ತು ಹಿಡ್ಕೋತೀವಿ. ಅವತ್ತು ನನಗೆ ಮನಸ್ಸು ಬರಲಿಲ್ಲ. ಪೂರ್ತಿ ಕೊಟ್ಟೆ."

ಅವರು ರಸೀದಿಯ ನಕಲು ತೆಗೆದು ಕೊಟ್ಟರು. ಕಾರಣ ಎಂಬಲ್ಲಿ ಅವರದೇ ದುಂಡು ಅಕ್ಷರ: ರೋಗಿ ತೀರಿಕೊಂಡಿದ್ದರಿಂದ.

"ತಾರೀಖು ಗೀರೀಖು ತಪ್ಪಿದ್ಯಾ? ಯಾಕಮ್ಮ ಹಾಗೆ ನೋಡ್ತಿದ್ದೀರಿ?"

"ಇಲ್ಲ," ಎಂದಳು. "ತಾರೀಖು ಸರಿಯಾಗಿದೆ."

ರಸೀದಿಯನ್ನು ಮಡಚಿ ಹಿಡಿದು ನಡೆಯುವಾಗ ಅವಳ ತಲೆ ತನ್ನಷ್ಟಕ್ಕೆ ಲೆಕ್ಕ ಮಾಡುತ್ತಿತ್ತು. ಹನ್ನೊಂದರಿಂದ ಇಪ್ಪತ್ತೆಂಟಕ್ಕೆ ಹದಿನೇಳು ದಿನ. ಒಂದಕ್ಕೆ ಮೂರು ದಿನ. ಏಳೂ ಬೇಕಾಗುತ್ತಿರಲಿಲ್ಲ. ಆರು ಸಾಕಿತ್ತು. ಒಂದನ್ನು ವಾಪಸ್ ಕೊಡಬಹುದಿತ್ತು.

ಮನೆಗೆ ಬಂದು ವಿದ್ಯುತ್ ರಿಪೇರಿಯನ್ನು ಮತ್ತೆ ತೆಗೆದು ನೋಡಿದಳು. ಏಸಿ ಕೊಂಡದ್ದು ಹದಿಮೂರನೆಯ ತಾರೀಖು. ಅದನ್ನು ಗೋಡೆಗೆ ಕೂರಿಸಿದ ದಿನ ಅವಳಿಗೆ ನೆನಪಿತ್ತು. ಗೋಡೆ ಕೊರೆಯುವ ಸದ್ದಿಗೆ ಪಕ್ಕದ ಕೋಣೆಯಲ್ಲಿ ಗಂಡ ಒದ್ದಾಡಿದ್ದ. ಹೋಗಿ ನಿಲ್ಲಿಸಿ ಅಂದಿದ್ದಕ್ಕೆ, "ಇನ್ನೆರಡೇ ತೂತು ಅತ್ತಿಗೆ," ಅಂದಿದ್ದ ಮೈದುನ.

ಅವತ್ತು ಬಡಿಸುವ ಸರದಿ ಅವಳದು. ಬಡಿಸಿದಳು. ಮೈದುನ ಎರಡು ಸಲ ಹಾಕಿಸಿಕೊಂಡ. ಅವನು ಮೂಳೆಯನ್ನು ಹೀರಿ, ತಟ್ಟೆಯ ಅಂಚಿಗೆ ಕುಟ್ಟಿ, ಮತ್ತೆ ಹೀರಿದ. ಮಾವ ನೀರು ಮುಕ್ಕಳಿಸಿ ನುಂಗಿದರು. ಮೈದುನನ ಕೋಣೆಯ ಬಾಗಿಲ ಸಂದಿಯಿಂದ ತಣ್ಣನೆಯ ಗಾಳಿ ನೆಲದ ಮೇಲೆ ಹರಿದು ಬಂದು ಅವಳ ಹಿಮ್ಮಡಿಗೆ ತಾಕುತ್ತಿತ್ತು. ಅವಳು ಕಾಲು ಎತ್ತಿ ಇನ್ನೊಂದು ಕಡೆ ಇಟ್ಟಳು.

*

ಆ ಸಾಲನ್ನು ಅವಳು ತಿದ್ದಿದ ಮರುದಿನವೇ ಮೈದುನ ಮೆಟ್ಟಿಲಲ್ಲಿ ಅಡ್ಡಗಟ್ಟಿದ. ಅವನ ಫೋನಿನಲ್ಲೂ ಲೆಕ್ಕ ಕಾಣುತ್ತಿತ್ತು. ಎರಡು ವರ್ಷದಲ್ಲಿ ಮೊದಲ ಸಲ ಅದನ್ನು ಓದಿದ್ದ.

"ಅತ್ತಿಗೆ, ಆ ಮೈನಸ್ ಸಾಲು ಬಿಟ್ಟುಬಿಡಿ."

"ಯಾಕೆ? ಅದು ಅವರಿಗೆ ಬರಬೇಕಾದ ದುಡ್ಡು. ಕೊಂಡಿದ್ದು ಮಾತ್ರ ಅವರ ಮೇಲೆ ಹಾಕಿ ವಾಪಸ್ ಬಂದಿದ್ದು ಹಾಕದೆ ಇದ್ರೆ, ಚುಚ್ಚದೇ ಇರೋ ಇಂಜೆಕ್ಷನ್‌ಗೂ ಅವರೇ ದುಡ್ಡು ಕೊಟ್ಟ ಹಾಗಾಗ್ತದೆ."

"ಅಪ್ಪ ಹೇಳಿದ್ದಕ್ಕೆ ನಾನು ಮಾಡಿದ್ದು." ಅವನು ದನಿ ಇಳಿಸಿದ. "ಅಮ್ಮನಿಗೆ ಹೇಳಿಲ್ಲ ತಾನೆ?"

"ಇಲ್ಲ."

ಅವನ ಮುಖದಲ್ಲಿ ನೆಮ್ಮದಿ ಕಂಡಿತು. ಅದನ್ನು ಅವಳು ನೋಡಲಾಗದೆ ಗೋಡೆಯ ಕಡೆ ನೋಡಿದಳು.

ಮಾರನೆಯ ಬೆಳಿಗ್ಗೆ, ಅತ್ತೆ ತರಕಾರಿಗೆ ಹೋದ ಹೊತ್ತು ನೋಡಿ, ಮಾವ ಕರೆದರು. ಬಾಗಿಲು ಮುಚ್ಚಿಸಿದರು.

"ಆಸ್ಪತ್ರೆ ಕಾರಿಡಾರಲ್ಲಿ ಡಾಕ್ಟರು ನಮಗೆ ಹೇಳಿದ್ರು. ದಿನ ಎಣಿಸ್ಕೊಳ್ಳಿ ಅಂತ. ಹೆಂಗಸರ ಮುಂದೆ ಹೇಳಲಿಲ್ಲ. ಆ ಇಂಜೆಕ್ಷನ್ನು ಬದುಕಿಸೋದಲ್ಲ."

"ನಿದ್ದೆ ಕೊಡ್ತಿತ್ತು, ಮಾವ."

"ಮೂರು ದಿನದ ನಿದ್ದೆಗೆ ಹನ್ನೆರಡು ಸಾವಿರ. ನಾನು ಜೀವಮಾನದಲ್ಲಿ ಅಷ್ಟು ದುಬಾರಿ ನಿದ್ದೆ ಮಾಡಿಲ್ಲ."

ಅವರು ಮೇಜಿನ ಮೇಲಿದ್ದ ಕಾಗದವೊಂದನ್ನು ಅಂಗೈಯಿಂದ ಸವರಿ ನೇರ ಮಾಡಿದರು, ಅಚ್ಚಿಗೆ ಹೋಗುವ ಹಾಳೆಯನ್ನು ನೇರ ಮಾಡುವಂತೆ.

"ನೋಡು. ನಿನಗೆ ನಷ್ಟ ಆಗೋದು ಬೇಡ. ಔಷಧಿ ಪೂರ್ತಿ ಪ್ರೆಸ್ಸಿನ ಮೇಲೇ ಇರಲಿ. ನಿನ್ನ ಪಾಲಿಂದ ಒಂದು ಕಾಸೂ ಕಳೆಯೋದು ಬೇಡ. ಆಡಿಟರ್ ಹತ್ರ ನಾನು ಮಾತಾಡ್ಕೋತೀನಿ. ಇವನ ಟೀವಿ, ಏಸಿ ಎಲ್ಲ ಇವನ ಮೇಲೇ ಹಾಕು, ಬೇಕಾದ್ರೆ. ಆ ಔಷಧಿ ಅಂಗಡಿ ಸಾಲುಗಳು ಮಾತ್ರ ತಿದ್ದಬೇಡ. ತಿದ್ದದೆ ಇದ್ರೆ ಅವರು ಓದಲ್ಲ. ಓದದೆ ಇದ್ರೆ ನಿನ್ನ ಅತ್ತೆ ಕಿವಿಗೆ ಬೀಳಲ್ಲ."

ಎಲ್ಲ ಕೂಡಿ ಕಳೆದರೆ ಅವಳಿಗೆ ಉಳಿಯುತ್ತಿದ್ದುದು ಎರಡು ಲಕ್ಷ ಹದಿನೇಳು ಸಾವಿರ. ಮೂರು ಬೀದಿ ಆಚೆಯ ಮನೆಯ ಮುಂಗಡ, ಮೇಲೆ ಎರಡು ವರ್ಷದ ಬಾಡಿಗೆ. ಒಂದು ಬಟನ್ನು ಒತ್ತಿದರೆ ಎಲ್ಲ ಸಾಲುಗಳೂ ಮತ್ತೆ ಯಂತ್ರ ಶುಚಿಗೆ ಹೋಗಿಬಿಡುತ್ತಿದ್ದವು. ಮೆಷಿನ್ ತೊಳೆದದ್ದು ಎಂದು ಇನ್ನೂ ಸಾವಿರ ವರ್ಷ ಅಲ್ಲಿ ಬರೆದಿರುತ್ತಿತ್ತು.

"ಏನಂತೀಯ?"

"ಕೆಲಸ ಇನ್ನೂ ಮುಗಿದಿಲ್ಲ, ಮಾವ," ಎಂದು ಎದ್ದು ಹೋದಳು.

ಮುಂದಿನ ಎಂಟು ದಿನ ಮಾವ ಅವಳಿಗೆ ಗಟ್ಟಿ ಹಾಲು ಕೊಡಿಸಿದರು. ಅತ್ತೆಗೆ ಆಶ್ಚರ್ಯವಾಯಿತು. "ಇದೇನು, ಸೂರ್ಯ ಯಾವ ಕಡೆ ಹುಟ್ಟಿದ?" ಎಂದರು. ಹಿರಿಸೊಸೆ ಆ ಹಾಲನ್ನು ಸಿಂಕಿಗೆ ಸುರಿದು ಲೋಟವನ್ನು ಎರಡು ಸಲ ತೊಳೆದಳು.

*

ಆಡಿಟರ್ ಬೆಳಿಗ್ಗೆ ಹತ್ತಕ್ಕೆ ಬಂದರು. ಊಟದ ಮೇಜಿನ ಮೇಲೆಯೇ ಲ್ಯಾಪ್‌ಟಾಪ್ ಇಟ್ಟರು. ಒಂದು ಕಡೆ ಮಾವ, ಅವರ ಪಕ್ಕದಲ್ಲಿ ಮೈದುನ, ಎದುರಿಗೆ ಹಿರಿಸೊಸೆ. ಕಿರಿಸೊಸೆ ಕೋಣೆಯಲ್ಲಿದ್ದಳು, ಬಾಗಿಲು ಅರ್ಧ ತೆರೆದಿತ್ತು. ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಕೆಳಗೆ ಮೆಷಿನ್ ಓಡುತ್ತಿತ್ತು, ಲೋಟಗಳು ಸದ್ದು ಮಾಡುತ್ತಿದ್ದವು.

"ನೂರ ಅರವತ್ತೆರಡು ಸಾಲು ತಿದ್ದಿದ್ದಾರೆ. ಅಚ್ಚುಕಟ್ಟಾಗಿದೆ," ಎಂದು ಆಡಿಟರ್ ಶುರುಮಾಡಿದರು. "ಬಟ್ಟೆ ಅಂಗಡಿ. ಆರು ಪರದೆ. ಒರೆಸುವ ಬಟ್ಟೆಯಿಂದ ಕಿರಿಯ ಪಾಲುದಾರರ ಸ್ವಂತ ಖರ್ಚಿಗೆ."

"ಹೌದು," ಎಂದರು ಮಾವ.

"ಎಲೆಕ್ಟ್ರಿಕ್ ಅಂಗಡಿ. ಟೀವಿ ಒಂದು. ಅದೇ ಥರ."

"ಹೌದು."

ಏಳೆಂಟು ಸಾಲು ಹೀಗೆ ಹೋದವು. ಆಮೇಲೆ ಆಡಿಟರ್ ಅದೇ ದನಿಯಲ್ಲಿ ಓದಿದರು, "ಔಷಧಿ ಅಂಗಡಿ. ಮಾತ್ರೆ ಎರಡು ಪಟ್ಟಿ, ಹತ್ತಿ. ಯಂತ್ರ ಶುಚಿಯಿಂದ ಹಿರಿಯ ಪಾಲುದಾರರ ಸ್ವಂತ ಖರ್ಚಿಗೆ."

ಮಾವನ ತಲೆ ಮೇಲೆದ್ದಿತು. ಸೊಸೆಯನ್ನು ನೋಡಿದರು. ಅವಳು ಮೇಜಿನ ಮೇಲಿನ ತನ್ನ ಕೈಗಳನ್ನು ನೋಡುತ್ತಿದ್ದಳು.

"ಹೌದಾ?"

"...ಹೌದು."

"ಔಷಧಿ ಅಂಗಡಿ. ಕೆಮ್ಮಿನ ಔಷಧಿ ನಾಲ್ಕು ಬಾಟಲಿ."

"ಅದು ಕೆಂಪಗಿತ್ತು," ಎಂದರು ಅತ್ತೆ ಹೊಸ್ತಿಲಿಂದ. ಯಾರಿಗೂ ಅಲ್ಲ. "ಕಹಿ ಅಂತ ಮುಖ ಹಿಂಡ್ತಿದ್ದ."

ಮಾವ ತಿರುಗಿದರು. "ನೀನು ಒಳಗೆ ಹೋಗಿ ಟೀ ಮಾಡು."

"ಈಗಷ್ಟೇ ಕುಡಿದ್ರಲ್ಲ."

"ಇನ್ನೊಂದ್ಸಲ ಮಾಡು ಅಂದೆ."

"ಬೆಳ್ಳುಳ್ಳಿ ಕೈ," ಎಂದರು ಅತ್ತೆ, ಕೂತಲ್ಲೇ ಕೂತು. ಮಗನ ಔಷಧಿಯ ಪಟ್ಟಿ ಅವರಿಗೆ ಕೇಳಬೇಕಾಗಿತ್ತು. ಏಳು ತಿಂಗಳಿಂದ ಆ ಮನೆಯಲ್ಲಿ ಅವನ ಬಗ್ಗೆ ಯಾರೂ ಇಷ್ಟು ಹೊತ್ತು ಮಾತಾಡಿರಲಿಲ್ಲ.

ಆಡಿಟರ್ ಓದುತ್ತ ಹೋದರು. ಮುಲಾಮು. ಬ್ಯಾಂಡೇಜು. ಹಾಸಿಗೆಯ ಕೆಳಗೆ ಹಾಸುವ ರಬ್ಬರ್ ಹಾಳೆ. ಮಾವನ "ಹೌದು" ತಡವಾಗಿ, ಎಳೆದು, ಕೆಸರಿನಿಂದ ಕಾಲು ಕೀಳುವಂತೆ ಬರತೊಡಗಿತು. ಮೈದುನ ಫೋನನ್ನು ಮಗುಚಿಟ್ಟು ಮತ್ತೆ ನೆಟ್ಟಗಿಟ್ಟ.

"ಔಷಧಿ ಅಂಗಡಿ. ನೋವಿನ ಇಂಜೆಕ್ಷನ್ ಹತ್ತು. ಒಂದು ಲಕ್ಷ ಇಪ್ಪತ್ತನಾಲ್ಕು ಸಾವಿರ."

"ಹೌದು."

"ಹತ್ತೆಲ್ಲಿ ಬಂತು?" ಎಂದರು ಅತ್ತೆ. "ಮೂರೇ ಅಲ್ವಾ ಬಂದಿದ್ದು? ಆಮೇಲೆ ಕಂಪನಿಯಿಂದಲೇ ಬರಲಿಲ್ಲ."

ಆಡಿಟರ್‌ಗೆ ಅದು ತಮ್ಮ ಕೆಲಸಕ್ಕೆ ಸೇರಿದ ಪ್ರಶ್ನೆ ಅನ್ನಿಸಿತು.

"ಅದರ ಸಾಲೂ ಇದೆಯಮ್ಮ, ಇಲ್ಲೇ ಮುಂದೆ. ಔಷಧಿ ಅಂಗಡಿ. ನೋವಿನ ಇಂಜೆಕ್ಷನ್ ಏಳು, ವಾಪಸ್. ಎಂಬತ್ತಾರು ಸಾವಿರದ ಎಂಟುನೂರು, ಜಮಾ. ಯಂತ್ರ ಶುಚಿಯಿಂದ ಹಿರಿಯ ಪಾಲುದಾರರ ಖಾತೆಗೆ. ತಾರೀಖು ಹನ್ನೊಂದು. ರಸೀದಿ ಲಗತ್ತಿಸಿದ್ದಾರೆ." ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಕಾರಣ: ರೋಗಿ ತೀರಿಕೊಂಡಿದ್ದರಿಂದ."

ಓದಿ, ಕನ್ನಡಕದ ಮೇಲಿನಿಂದ ಮಾವನನ್ನು ನೋಡಿದರು. ಪೆನ್ಸಿಲ್ಲು ಕಾಗದದ ಮೇಲೆ ಕಾಯುತ್ತಿತ್ತು.

ಮಾವ ಹೌದು ಅನ್ನಲಿಲ್ಲ.

"ಅದು ಸಾಫ್ಟ್‌ವೇರ್ ತಪ್ಪು ಸರ್," ಎಂದ ಮೈದುನ. "ತಾರೀಖು ಒಂದೊಂದ್ಸಲ ಅದೇ ಹಾಕ್ಕೊಳ್ತದೆ."

"ರಸೀದಿ ಕೈಬರಹದ್ದು. ಸಾಫ್ಟ್‌ವೇರಿಗೆ ಕೈ ಇಲ್ಲವಲ್ಲ."

ಅತ್ತೆ ಎದ್ದು ಬಂದಿದ್ದರು. ಮಡಿಲಿನಲ್ಲಿದ್ದ ಬೆಳ್ಳುಳ್ಳಿ ಸಿಪ್ಪೆ ನೆಲದ ಮೇಲೆಲ್ಲ ಹಾರಿತು.

"ಯಾವ ತಾರೀಖು ಅಂದ್ರಿ?"

"ಹನ್ನೊಂದು."

"ಹನ್ನೊಂದಕ್ಕೆ ಇದ್ದ ಅವನು. ಹನ್ನೊಂದಕ್ಕೆ, ಹನ್ನೆರಡಕ್ಕೆ, ಇಪ್ಪತ್ತಕ್ಕೆ, ಇಪ್ಪತ್ತೇಳಕ್ಕೂ ಇದ್ದ." ಅವರು ಕಿರಿಯ ಮಗನನ್ನು ನೋಡಿದರು. "ಮಂಚ ಕಚ್ತಿದ್ದ."

"ಅಮ್ಮ, ಡಾಕ್ಟರೇ ಹೇಳಿದ್ರು..."

"ಅಣ್ಣ ಸತ್ತ ಅಂತ ಅಂಗಡಿಲಿ ಹೇಳಿದ್ಯಾ?"

"ಅಪ್ಪ ಹೇಳಿದ್ದಕ್ಕೆ..."

"ನಾನು ಇಂಜೆಕ್ಷನ್ ಬೇಡ ಅಂದೆ. ಸತ್ತ ಅಂತ ಹೇಳು ಅನ್ನಲಿಲ್ಲ," ಎಂದರು ಮಾವ. ಹೇಳಿ ಮುಗಿಸಿದ ಮೇಲೆ ಅವರಿಗೇ ಅದು ಕೇಳಿಸಿತು.

ಅತ್ತೆ ಮೇಜಿನ ತುದಿಯ ಖಾಲಿ ಕುರ್ಚಿ ಎಳೆದು ಕೂತರು. ಅದು ಹಿರಿಯ ಮಗನ ಕುರ್ಚಿ. ಲೆಕ್ಕದ ಹೊತ್ತಿನಲ್ಲಿ ಅವರು ಆ ಮೇಜಿಗೆ ಕೂತದ್ದೇ ಇಲ್ಲ.

"ಹೌದು," ಎಂದರು ಆಡಿಟರ್‌ಗೆ. "ಗೆರೆ ಹಾಕಿ. ಮುಂದೆ ಓದಿ."

ಆಡಿಟರ್ ಒಮ್ಮೆ ಎಲ್ಲರ ಮುಖ ನೋಡಿದರು. ಆಮೇಲೆ ಗೆರೆ ಹಾಕಿದರು.

"ಎಲೆಕ್ಟ್ರಿಕ್ ಅಂಗಡಿ. ಏಸಿ ಒಂದು. ತಾರೀಖು ಹದಿಮೂರು."

ಅರ್ಧ ತೆರೆದಿದ್ದ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

"ಹೌದು," ಎಂದರು ಅತ್ತೆ.

ಉಳಿದ ಅಷ್ಟೂ ಸಾಲಿಗೆ ಅವರೇ ಹೌದು ಅಂದರು. ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಹಿರಿಯವನ ಅರ್ಧದಲ್ಲಿ ಎರಡು ಲಕ್ಷ ಹದಿನೇಳು ಸಾವಿರದ ಇನ್ನೂರು ಕಳೆಯಿತು, ಕಿರಿಯವನದರಲ್ಲಿ ಮೂರು ಲಕ್ಷ ಹದಿನೆಂಟು ಸಾವಿರ. ಹಿರಿಸೊಸೆ ತೋರಿಸಿದಲ್ಲೆಲ್ಲ ರುಜು ಹಾಕಿದಳು. ಆಡಿಟರ್ ಚೀಲ ಮುಚ್ಚಿಕೊಂಡು, ನೀರೂ ಕೇಳದೆ, ಹೊರಟರು.

"ನಿನಗೆ ಗೊತ್ತಾಗಿ ಎಷ್ಟು ದಿನ ಆಯ್ತು?" ಎಂದು ಅತ್ತೆ ಕೇಳಿದರು.

"ಹನ್ನೆರಡು ದಿನ."

"ಹನ್ನೆರಡು ದಿನ ಇವರಿಗೆ ಬಡಿಸಿದ್ಯಾ?"

"ನೀವು ಮಾಡಿಟ್ಟಿದ್ದನ್ನೇ ಬಡಿಸಿದ್ದು, ಅತ್ತೆ."

ಊಟದ ಹೊತ್ತಿಗೆ ಮೆಷಿನ್ ನಿಲ್ಲಿಸುವುದು ಮಸಿಯಣ್ಣನ ರೂಢಿ. ಕೆಳಗೆ ಸದ್ದು ನಿಂತಿತು. ಲೋಟಗಳೂ ಸುಮ್ಮನಾದವು. ಒಲೆಯ ಮೇಲೆ ಅಡುಗೆ ಆಗಿತ್ತು. ಮಾವ, ಮೈದುನ ಇಬ್ಬರೂ ರೂಢಿಯಂತೆ ಕೈ ತೊಳೆದು ಬಂದು ತಮ್ಮ ತಮ್ಮ ಜಾಗದಲ್ಲಿ ಕೂತರು.

ಯಾರೂ ತಟ್ಟೆ ಇಡಲಿಲ್ಲ.